2004: ಗೇಮುಗಳ ಆ ವರ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನಾನು ಹಳೆಯ ವಿಡಿಯೋ ಗೇಮ್ ಯಂತ್ರಗಳನ್ನು ಜೋಪಾನ ಮಾಡಿಟ್ಟು, ಭಾನುವಾರ ಬಂದವರಿಗೆ ಆಡಲು ಕೊಡುತ್ತೇನೆ. ಬರುವವರಲ್ಲಿ ಮಣಿಪಾಲದ ವಿದ್ಯಾರ್ಥಿಗಳು, ಊರಿಗೆ ರಜೆಗೆ ಬಂದ ದುಬೈ, ಮಸ್ಕತ್‌ನವರು, ಮಕ್ಕಳ ಕೈ ಹಿಡಿದುಕೊಂಡು ಬರುವ ಅಪ್ಪ-ಅಮ್ಮಂದಿರು ಎಲ್ಲರೂ ಇದ್ದಾರೆ. ಕಪಾಟಿನ ಒಂದು ಇಡೀ ಸಾಲಿಗೆ '2004' ಎಂದು ಚೀಟಿ ಅಂಟಿಸಿದ್ದೇನೆ. ಅದನ್ನು ಕಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಅಷ್ಟೊಂದು ವರ್ಷಗಳಿರುವಾಗ 2004ಕ್ಕೇ ಯಾಕೆ ಇಡೀ ಸಾಲು?

ಒಂದು ತಿಂಗಳ ದಿನಾಂಕಗಳನ್ನು ನೋಡಿ. ಅಕ್ಟೋಬರ್ 26ಕ್ಕೆ ಸೋನಿಯ ಪ್ಲೇಸ್ಟೇಷನ್ 2 ಯಂತ್ರದಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್'. ನವೆಂಬರ್ 9ಕ್ಕೆ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ನಲ್ಲಿ 'ಹೇಲೋ 2'. 16ಕ್ಕೆ ಕಂಪ್ಯೂಟರಿನಲ್ಲಿ 'ಹಾಫ್-ಲೈಫ್ 2'. ಮರುದಿನವೇ 'ಮೆಟಲ್ ಗೇರ್ ಸಾಲಿಡ್ 3'. 21ಕ್ಕೆ ಕೈಯಲ್ಲಿ ಹಿಡಿದು ಆಡುವ, ಎರಡು ಪರದೆಯ ನಿಂಟೆಂಡೊ ಡಿಎಸ್ ಯಂತ್ರ. 23ಕ್ಕೆ, ಸಾವಿರಾರು ಜನ ಇಂಟರ್ನೆಟ್ಟಿನಲ್ಲಿ ಒಟ್ಟಿಗೇ ಆಡುವ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ಇವೆಲ್ಲ ಅಮೆರಿಕದ ಬಿಡುಗಡೆಯ ದಿನಗಳು. ಇವುಗಳಲ್ಲಿ ಯಾವುದಾದರೂ ಒಂದೇ ಬಂದಿದ್ದರೂ ಅದು ನೆನಪಿಡುವ ವರ್ಷವಾಗುತ್ತಿತ್ತು.

ಆದರೆ ಒಳ್ಳೆಯ ಗೇಮುಗಳ ಪಟ್ಟಿ ಉದ್ದವಿದೆ ಎಂಬ ಕಾರಣಕ್ಕೆ ನಾನು ಆ ಚೀಟಿ ಅಂಟಿಸಿಲ್ಲ. ಇವತ್ತು ನಿಮ್ಮ ಮಗ ಗೇಮ್ ಆಡುವುದನ್ನು ಗಮನಿಸಿ. ಮೊದಲು ಖಾತೆ ತೆರೆದು ಒಳಗೆ ಹೋಗುತ್ತಾನೆ, ಅಪ್‌ಡೇಟ್ ಇಳಿಯುವ ತನಕ ಕಾಯುತ್ತಾನೆ, ಎಲ್ಲಿಯವರೋ ಏನೋ ಎನ್ನುವಂಥ ಅಪರಿಚಿತರ ಜೊತೆ ಜೋಡಿಯಾಗುತ್ತಾನೆ, ಕೆಲವಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾನೆ, ಪರದೆಯನ್ನು ಬೆರಳಿನಿಂದ ಮುಟ್ಟಿ ಆಡುತ್ತಾನೆ. ಇವೆಲ್ಲ ಚಿಕ್ಕ ಪ್ರಮಾಣದಲ್ಲಿ ಮೊದಲೇ ಇದ್ದವು. ಲಕ್ಷಗಟ್ಟಲೆ ಜನರ ದಿನನಿತ್ಯದ ಅಭ್ಯಾಸವಾಗುವ ಹಾದಿಗೆ ಬಿದ್ದದ್ದು ಆ ಒಂದು ತಿಂಗಳಲ್ಲಿ. ಅಂಗಡಿಯಿಂದ ತಂದ ಡಬ್ಬಿಯೊಳಗೇ ಆಟ ಪೂರ್ತಿ ಇರುತ್ತದೆ ಎಂಬ ನಂಬಿಕೆ ಕಳಚಲು ಶುರುವಾದದ್ದೂ ಆಗಲೇ.

ಮಾರಾಯ್ರೆ, 1998 ಮತ್ತು 2007 ಇದಕ್ಕಿಂತ ದೊಡ್ಡ ವರ್ಷಗಳಲ್ವಾ?

ವಾದ ಮಾಡುವವರಿದ್ದಾರೆ, ಅವರ ಮಾತಿನಲ್ಲಿ ತಥ್ಯವೂ ಇದೆ. 1998ರಲ್ಲಿ 'ಸ್ಟಾರ್‌ಕ್ರಾಫ್ಟ್', 'ಹಾಫ್-ಲೈಫ್', 'ಮೆಟಲ್ ಗೇರ್ ಸಾಲಿಡ್', 'ಝೆಲ್ಡಾ: ಒಕರಿನಾ ಆಫ್ ಟೈಮ್' ಬಂದವು. 2007ರಲ್ಲಿ 'ಬಯೋಶಾಕ್', 'ಪೋರ್ಟಲ್', 'ಕಾಲ್ ಆಫ್ ಡ್ಯೂಟಿ 4', ಜೊತೆಗೆ ಮೊದಲ ಐಫೋನ್. ಗೇಮಿನ ಕಲೆಯನ್ನಷ್ಟೇ ತೂಗಿದರೆ ನಾನೂ 1998ಕ್ಕೆ ಕೈ ಎತ್ತುತ್ತೇನೆ. ಗೇಮ್ ಕೊಳ್ಳುವ, ಇಟ್ಟುಕೊಳ್ಳುವ, ಆಡುವ ರೀತಿ ಬದಲಾದದ್ದು ಯಾವಾಗ ಎಂದು ಕೇಳಿದರೆ ಮಾತ್ರ 2004 ಬಿಟ್ಟು ಬೇರೆ ಉತ್ತರ ನನ್ನಲ್ಲಿಲ್ಲ.

ಎಲ್ಲವೂ ನವೆಂಬರಿಗೇ ಬಂದು ಬಿದ್ದದ್ದು ಯಾಕೆ?

ಅಮೆರಿಕ, ಯುರೋಪಿನಲ್ಲಿ ಕ್ರಿಸ್‌ಮಸ್ ವ್ಯಾಪಾರವೇ ವ್ಯಾಪಾರ. ನಮ್ಮಲ್ಲಿ ದೀಪಾವಳಿಗೆ ಮುಂಚೆ ಬಟ್ಟೆ ಅಂಗಡಿಯವರು ಹೊಸ ಮಾಲು ಇಳಿಸುವ ಹಾಗೆ ಅಲ್ಲಿ ನವೆಂಬರ್ ಹೊತ್ತಿಗೆ ಗೇಮುಗಳು ಇಳಿಯುತ್ತವೆ. ಇನ್ನೊಂದು ಕಾರಣ ಯಂತ್ರಗಳ ವಯಸ್ಸು. ಪ್ಲೇಸ್ಟೇಷನ್ 2 ಬಂದು ನಾಲ್ಕು ವರ್ಷ ಕಳೆದಿತ್ತು, ಬೆಲೆ ಅಮೆರಿಕದಲ್ಲಿ 149 ಡಾಲರಿಗೆ ಇಳಿದಿತ್ತು, ಅದರ ಒಳಮರ್ಮವೆಲ್ಲ ಗೇಮ್ ಮಾಡುವವರಿಗೆ ಕರಗತವಾಗಿತ್ತು.

ಈ ನೂಕುನುಗ್ಗಲಿನಲ್ಲಿ ಪೆಟ್ಟು ತಿಂದವರೂ ಇದ್ದರು. 'ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್' ಬಿಡುಗಡೆಯಾದದ್ದು ಸಾಕ್ಷಾತ್ 'ಹಾಫ್-ಲೈಫ್ 2' ಬಂದ ದಿನವೇ. ಮಾರಾಟ ನೆಲಕಚ್ಚಿತು. ಅದನ್ನು ಮಾಡಿದ ಟ್ರೊಯ್ಕಾ ಸಂಸ್ಥೆ ಮರುವರ್ಷದ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಗೇಮನ್ನು ಮಾತ್ರ ಅಭಿಮಾನಿಗಳು ಇಂದಿಗೂ ದುರಸ್ತಿ ಮಾಡುತ್ತಾ ಉಳಿಸಿಕೊಂಡಿದ್ದಾರೆ.

ಪಣಂಬೂರು ಬಂದರಿನಲ್ಲಿ ಹಡಗುಗಳನ್ನು ನೋಡಿ ಬೆಳೆದವರಿಗೆ ಇನ್ನೊಂದು ಸಂಗತಿ ಹಿಡಿಸಬಹುದು. ಆ ನವೆಂಬರಿನಲ್ಲಿ ಸೂಯೆಜ್ ಕಾಲುವೆಯಲ್ಲಿ ಒಂದು ತೈಲದ ಹಡಗು ಅಡ್ಡಲಾಗಿ ಸಿಕ್ಕಿಕೊಂಡು ದಾರಿ ಬಂದ್ ಆಯಿತು. ಹೊಸದಾಗಿ ಬಂದಿದ್ದ ತೆಳ್ಳನೆಯ ಪ್ಲೇಸ್ಟೇಷನ್ 2 ಯಂತ್ರಗಳನ್ನು ಬ್ರಿಟನ್ನಿಗೆ ಒಯ್ಯುತ್ತಿದ್ದ ಹಡಗೂ ಅದರಿಂದಾಗಿ ತಡವಾಯಿತು. ಅಂಗಡಿಗಳಲ್ಲಿ ಯಂತ್ರ ಸಿಗದೆ ಪರದಾಟ. ಕೊನೆಗೆ ಸೋನಿ ದೊಡ್ಡ ಸರಕು ವಿಮಾನಗಳನ್ನು ಬಾಡಿಗೆಗೆ ಹಿಡಿದು ಮಾಲು ತರಿಸಬೇಕಾಯಿತು.

ಲೆಕ್ಕ ಹೇಳಿ: ಯಾವುದು ಎಷ್ಟು ಮಾರಾಟವಾಯಿತು?

ಅಮೆರಿಕದಲ್ಲಿ ಆ ವರ್ಷ ಗೇಮುಗಳ ಮಾರಾಟವೇ, ಯಂತ್ರಗಳನ್ನು ಬಿಟ್ಟು, ಸುಮಾರು 730 ಕೋಟಿ ಡಾಲರ್. ಅಲ್ಲಿ ವರ್ಷದಲ್ಲಿ ಅತಿ ಹೆಚ್ಚು ಮಾರಾಟವಾದದ್ದು 'ಸ್ಯಾನ್ ಆಂಡ್ರಿಯಾಸ್'. ಮುಂದೆ ಪ್ಲೇಸ್ಟೇಷನ್ 2ರ ಪ್ರತಿಗಳೇ 1 ಕೋಟಿ 70 ಲಕ್ಷ ದಾಟಿದವು. ಆ ಯಂತ್ರದಲ್ಲಿ ಅದಕ್ಕಿಂತ ಹೆಚ್ಚು ಮಾರಾಟವಾದ ಗೇಮ್ ಇನ್ನೊಂದಿಲ್ಲ.

ಸುದ್ದಿ ಮಾಡಿದ ಅಂಕಿ ಮಾತ್ರ 'ಹೇಲೋ 2'ನದು. ಅಮೆರಿಕ, ಕೆನಡಾದಲ್ಲಿ ಮೊದಲ 24 ಗಂಟೆಯೊಳಗೆ 24 ಲಕ್ಷ ಪ್ರತಿ, 12.5 ಕೋಟಿ ಡಾಲರ್. ನಡುರಾತ್ರಿ ಅಂಗಡಿ ತೆರೆದು ಸಾಲುಗಟ್ಟಿ ನಿಂತವರಿಗೆ ಮಾರಿದರು. ಸಿನಿಮಾದ ಮೊದಲ ದಿನದ ಗಳಿಕೆಯ ಜೊತೆ ಗೇಮನ್ನು ಪತ್ರಿಕೆಗಳು ಹೋಲಿಸತೊಡಗಿದವು. 'ದಿ ಸಿಮ್ಸ್ 2' ಸೆಪ್ಟೆಂಬರಿನಲ್ಲಿ ಬಂದು ಹತ್ತು ದಿನದಲ್ಲಿ ಹತ್ತು ಲಕ್ಷ ಮುಟ್ಟಿತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಮೊದಲ ದಿನ ಸುಮಾರು 2.4 ಲಕ್ಷ ಪ್ರತಿ ಮಾರಾಟವಾಗಿ, 2010ರಲ್ಲಿ 1 ಕೋಟಿ 20 ಲಕ್ಷ ಚಂದಾದಾರರನ್ನು ಕಂಡಿತು.

'ಹಾಫ್-ಲೈಫ್ 2' ಅಂದರೆ ನೀವು ಮಾತು ನಿಲ್ಲಿಸುವುದೇ ಇಲ್ಲ. ಅದರಲ್ಲಿ ಅಂಥದ್ದೇನಿದೆ?

ಕುಳಿತು ಮೊದಲ ಹತ್ತು ನಿಮಿಷ ಆಡಿ. ರೈಲು ನಿಲ್ದಾಣದಲ್ಲಿ ಇಳಿಯುತ್ತೀರಿ. ಮುಖಗವಸಿನ ಕಾವಲುಗಾರನೊಬ್ಬ ಖಾಲಿ ಡಬ್ಬವೊಂದನ್ನು ಕೋಲಿನಿಂದ ನೆಲಕ್ಕೆ ತಳ್ಳಿ, ಎತ್ತಿ ಕಸದ ಬುಟ್ಟಿಗೆ ಹಾಕು ಎನ್ನುತ್ತಾನೆ. ಹಾಕಿದರೆ ನಕ್ಕು ದಾರಿ ಬಿಡುತ್ತಾನೆ. ಅವನ ಮುಖಕ್ಕೇ ಎಸೆದರೆ ಕೋಲು ಹಿಡಿದು ಬೆನ್ನಟ್ಟುತ್ತಾನೆ. ವಸ್ತುವನ್ನು ಎತ್ತುವುದು, ಎಸೆಯುವುದು ಯಾವ ಗುಂಡಿಯಿಂದ ಎಂದು ಕಲಿಸುವ ಪಾಠ ಅಷ್ಟೇ ಅದು. ಆದರೆ ಆ ಊರಿನಲ್ಲಿ ಜನ ಎಂಥ ದಬ್ಬಾಳಿಕೆಯಡಿ ಬದುಕುತ್ತಿದ್ದಾರೆ ಎಂಬುದೂ ಅದರಲ್ಲೇ ಗೊತ್ತಾಗಿಬಿಡುತ್ತದೆ. ಒಂದು ಸಾಲು ವಿವರಣೆಯೂ ಬೇಕಾಗುವುದಿಲ್ಲ.

ಸ್ವಲ್ಪ ಮುಂದೆ ಹಲಗೆಯ ಏತ-ಪಾತದಂಥ ಒಂದು ಜಾಗ ಬರುತ್ತದೆ. ಒಂದು ತುದಿಗೆ ಸಿಮೆಂಟು ಕಲ್ಲುಗಳನ್ನು ಹೇರಿದರೆ ಇನ್ನೊಂದು ತುದಿ ಮೇಲೇಳುತ್ತದೆ, ಅದರ ಮೇಲೆ ನಡೆದು ದಾಟಬೇಕು. ತೂಕಕ್ಕೆ ತೂಕದ ಹಾಗೆಯೇ ವರ್ತಿಸಲು ಬರುವ ಲೋಕವೊಂದನ್ನು ಕಟ್ಟಿ, ಆ ಗುಣವನ್ನೇ ಆಟವಾಗಿಸಿದ್ದರು. ಆಮೇಲೆ ಕೈಗೆ ಬರುವ ಗ್ರಾವಿಟಿ ಗನ್ ಕಥೆಯೇ ಬೇರೆ. ರೇವನ್‌ಹೋಮ್ ಎಂಬ ಹಾಳೂರಿನಲ್ಲಿ ಗುಂಡು ಸಾಲದೆ ಹೋದಾಗ, ಗೋಡೆಗೆ ನಾಟಿಕೊಂಡ ಗರಗಸದ ಚಕ್ರವನ್ನು ಅದರಿಂದ ಸೆಳೆದು ಬೀಸಬಹುದು.

ಈ ಗೇಮ್ 2003ರ ಸೆಪ್ಟೆಂಬರ್ 30ಕ್ಕೇ ಬರಬೇಕಿತ್ತು. ದಿನಾಂಕ ತಪ್ಪಿತು, ಮೇಲಿಂದ ಅದರ ಮೂಲ ಕೋಡ್ ಕಳುವಾಗಿ ಅಕ್ಟೋಬರಿನಲ್ಲಿ ಇಂಟರ್ನೆಟ್ಟಿನಲ್ಲಿ ಹರಿದಾಡಿತು. ಅಷ್ಟು ದೊಡ್ಡ ಹೊಡೆತ ತಿಂದ ವಾಲ್ವ್ ಕಂಪನಿ ಮತ್ತೊಂದು ವರ್ಷ ಕುಳಿತು ತಿದ್ದಿ ತೀಡಿದ್ದರ ಫಲ ನಾವು ಆಡಿದ್ದು.

ಸ್ಟೀಮ್ ಬಗ್ಗೆ ಆಗ ಜನ ಸಿಟ್ಟಾಗಿದ್ದರಂತೆ, ಹೌದೇ?

ಹೌದು, ಸಿಟ್ಟಿಗೆ ಕಾರಣವೂ ಇತ್ತು. ಸ್ಟೀಮ್ ಎಂದರೆ ಗೇಮುಗಳನ್ನು ಇಂಟರ್ನೆಟ್ ಮೂಲಕ ತಲುಪಿಸುವ ವಾಲ್ವ್ ಕಂಪನಿಯ ಸೇವೆ, ಶುರುವಾದದ್ದು 2003ರ ಸೆಪ್ಟೆಂಬರಿನಲ್ಲಿ. ಆದರೆ 'ಹಾಫ್-ಲೈಫ್ 2' ಡಬ್ಬಿಯನ್ನು ಅಂಗಡಿಯಲ್ಲಿ ಕೊಂಡವರೂ ಖಾತೆ ತೆರೆದು, ಇಂಟರ್ನೆಟ್ ಮೂಲಕ ಬೀಗ ತೆಗೆಸಿಕೊಳ್ಳಲೇಬೇಕಿತ್ತು. ಐದು ಸಿಡಿಗಳನ್ನು ಒಂದರ ಹಿಂದೊಂದು ಹಾಕಿ ಇನ್‌ಸ್ಟಾಲ್ ಮಾಡಿ, ಕೊನೆಗೆ ಸರ್ವರ್ ಒತ್ತಡ ತಾಳದೆ ಕಾಯಿಸಿದರೆ ಯಾರಿಗೆ ತಾನೇ ತಾಳ್ಮೆ ಉಳಿದೀತು?

ಇದನ್ನು ನಮ್ಮ ಕರಾವಳಿಯಿಂದ ನೋಡಿದರೆ ಇನ್ನೂ ಕಷ್ಟ. ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂದದ್ದು ಅದೇ 2004ರ ಅಕ್ಟೋಬರಿನಲ್ಲಿ, 256 ಕೆಬಿಪಿಎಸ್ ಇದ್ದರೆ ಅದನ್ನೇ ಬ್ರಾಡ್‌ಬ್ಯಾಂಡ್ ಅನ್ನಬಹುದು ಎಂದು ಹೇಳಿತ್ತು. ಬಿಎಸ್ಎನ್ಎಲ್‌ನ ಬ್ರಾಡ್‌ಬ್ಯಾಂಡ್ ಸೇವೆ ಡೇಟಾಒನ್ ಶುರುವಾದದ್ದು 2005ರ ಜನವರಿಯಲ್ಲಿ. ಅಲ್ಲಿಯವರೆಗೆ ಫೋನ್ ತಂತಿಯ ಇಂಟರ್ನೆಟ್ಟಿಗೆ ಸಂಚಾರ್‌ನೆಟ್ ಕಾರ್ಡ್, 56ಕೆ ಮೋಡೆಮ್ಮಿನ ಕಿರಿಕಿರಿ ಸದ್ದು, ನಡುವೆ ಫೋನ್ ಬಂದರೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಹಾಕಿದರೆ ಅಮ್ಮನಿಗೆ ಫೋನ್ ಇಲ್ಲ. ಅಂಥ ಮನೆಗೆ 'ನೆಟ್ಟಿಗೆ ಸೇರಿಸಿದರೆ ಮಾತ್ರ ಆಟ' ಎಂಬ ಡಬ್ಬಿ ಬಂದರೆ ಪರದೇಶದ ಪದಾರ್ಥವೇ ಸರಿ. ಈಗ ಅದೇ ಸ್ಟೀಮ್‌ನಲ್ಲಿ ರೂಪಾಯಿ ಲೆಕ್ಕದಲ್ಲಿ ಕೊಳ್ಳುವವರು ಮಣಿಪಾಲದ ಹಾಸ್ಟೆಲ್ಲುಗಳಲ್ಲಿ ಎಷ್ಟು ಮಂದಿ! ಆದರೂ ಖಾತೆ ಹೋದರೆ ಕೊಂಡದ್ದೆಲ್ಲ ಹೋಯಿತು ಎಂಬ ಅಂದಿನ ಆತಂಕ ಸುಳ್ಳಾಗಿಲ್ಲ. ಅದಕ್ಕಾಗಿಯೇ ನಾನು ಡಿಸ್ಕುಗಳನ್ನು ಕಾಪಾಡಿಕೊಂಡು ಬಂದಿದ್ದೇನೆ.

ಆಗ ಮಂಗಳೂರು, ಉಡುಪಿಯಲ್ಲಿ ಯಾರು, ಏನು ಆಡುತ್ತಿದ್ದರು?

ಈ ಪ್ರಶ್ನೆ ನನಗೆ ತುಂಬ ಪ್ರಿಯ. ಪ್ರಪಂಚದ 2004 ಮತ್ತು ನಮ್ಮೂರಿನ 2004 ಒಂದೇ ಆಗಿರಲಿಲ್ಲ. ಇಲ್ಲಿ ಹೆಚ್ಚಿನವರು ಗೇಮ್ ಆಡಿದ್ದು ಸೈಬರ್ ಕೆಫೆಯಲ್ಲಿ, ಗಂಟೆಗೆ ಹತ್ತಿಪ್ಪತ್ತು ರೂಪಾಯಿ ಕೊಟ್ಟು. ಮರದ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದರೆ ಪ್ಲೈವುಡ್ ಅಡ್ಡಗೋಡೆಗಳ ನಡುವೆ ಕಂಪ್ಯೂಟರುಗಳ ಸಾಲು. ಎದುರೆದುರು ಕೂತವರು ಕೆಫೆಯ ಕಂಪ್ಯೂಟರುಗಳನ್ನೇ ತಂತಿಯಿಂದ ಜೋಡಿಸಿದ ಲ್ಯಾನ್‌ನಲ್ಲಿ 'ಕೌಂಟರ್-ಸ್ಟ್ರೈಕ್ 1.6' ಆಡುತ್ತಾ, ಗೋಡೆಯಾಚೆಗೆ ತುಳುವಿನಲ್ಲಿ ಬೈಯುತ್ತಾ ಇದ್ದರು. ಪಕ್ಕದಲ್ಲಿ 'ವೈಸ್ ಸಿಟಿ', 'ಏಜ್ ಆಫ್ ಎಂಪೈರ್ಸ್'. ಜೋರು ಮಳೆಗೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಸಾರಿದ ದಿನ ಹತ್ತು ಗಂಟೆಗೇ ಜಾಗ ಭರ್ತಿ. "ಅಣ್ಣಾ, ಇನ್ನು ಹತ್ತೇ ನಿಮಿಷ" ಎಂದು ಗೋಗರೆಯುವ ಹುಡುಗರು, ಬಾಗಿಲಲ್ಲಿ ನೀರಿಳಿಯುವ ಕೊಡೆಗಳು.

'ನೀಡ್ ಫಾರ್ ಸ್ಪೀಡ್: ಅಂಡರ್‌ಗ್ರೌಂಡ್ 2' ಮಾತ್ರ ಆ ನವೆಂಬರಿನಲ್ಲಿ ಹೊರಬಂದದ್ದು ನಮ್ಮ ಕೆಫೆಗಳಿಗೂ ಬೇಗ ತಲುಪಿತು. ರೇಸಿಗಿಂತ ಹೆಚ್ಚು ಹೊತ್ತು ಕಾರಿಗೆ ಬಣ್ಣ, ಸ್ಟಿಕ್ಕರು, ಕೆಳಗೆ ನಿಯಾನ್ ದೀಪ ಹಾಕುವುದರಲ್ಲೇ ಹೋಗುತ್ತಿತ್ತು. 'ಡೂಮ್ 3', 'ಫಾರ್ ಕ್ರೈ' ತಂದು ಹಾಕಿದವರಿಗೆ ಸಾಮಾನ್ಯ ಯಂತ್ರದಲ್ಲಿ ಅವು ಓಡುತ್ತಲೇ ಇರಲಿಲ್ಲ. 128 ಎಂಬಿ ರ್‍ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಏನು ತಾನೇ ಮಾಡೀತು? ಒಳ್ಳೆಯ ಯಂತ್ರ ಬೇಕಿದ್ದರೆ ಸುರತ್ಕಲ್, ಮಣಿಪಾಲದ ಎಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಗೆಳೆಯನೊಬ್ಬ ಇರಬೇಕಿತ್ತು.

ಇನ್ನೊಂದು ದಾರಿ ಗಲ್ಫ್. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಮಾವನ ಪೆಟ್ಟಿಗೆಯಲ್ಲಿ ಟ್ಯಾಂಗ್, ಅತ್ತರಿನ ನಡುವೆ ಬಟ್ಟೆ ಸುತ್ತಿದ ಪ್ಲೇಸ್ಟೇಷನ್. ಕೇರಿಗೆ ಒಂದು ಅಂಥ ಮನೆ ಇದ್ದರೆ ಇಡೀ ಕೇರಿಯ ಮಕ್ಕಳು ಅಲ್ಲೇ. ಉಳಿದವರಿಗೆ ಕ್ಯಾಸೆಟ್ ಹಾಕುವ ಟಿವಿ ಗೇಮ್, 'ಕಾಂಟ್ರಾ', 'ಮಾರಿಯೋ'. ಅವು ಆಗಲೇ ಹದಿನೈದು ವರ್ಷಕ್ಕೂ ಹೆಚ್ಚು ಹಳತು, ಇಲ್ಲಿ ಇನ್ನೂ ತಾಜಾ.

ಇಲ್ಲಿ ಓಡಾಡಿದ್ದರಲ್ಲಿ ಹೆಚ್ಚಿನವು ನಕಲು ಸಿಡಿಗಳೇ. ಅಧಿಕೃತ ಡಬ್ಬಿ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಕೈಗೆಟುಕುತ್ತಿರಲಿಲ್ಲ. ಕೆಫೆಗೆ ಗೇಮ್ ಕೊಡುವ ಹಕ್ಕು ಯಾರದು ಎಂಬ ಜಗಳ ಅಮೆರಿಕದಲ್ಲೂ ಇತ್ತು. ವಾಲ್ವ್ ಮತ್ತು ಅದರ ಪ್ರಕಾಶಕ ವಿವೆಂಡಿ ನಡುವಿನ ಮೊಕದ್ದಮೆಯಲ್ಲಿ, ಸೈಬರ್ ಕೆಫೆಗಳಿಗೆ ವಾಲ್ವ್‌ನ ಗೇಮುಗಳನ್ನು ಹಂಚುವ ಹಕ್ಕು ವಿವೆಂಡಿಗಿಲ್ಲ ಎಂದು ಸಿಯಾಟಲ್‌ನ ನ್ಯಾಯಾಲಯ ತೀರ್ಪು ಕೊಟ್ಟದ್ದು ಅದೇ 2004ರ ನವೆಂಬರ್ ಕೊನೆಗೆ.

'ಸ್ಯಾನ್ ಆಂಡ್ರಿಯಾಸ್' ನಾವು ಆಡಿದ್ದು 2005ರಲ್ಲಿ. ಮತ್ತೆ ನೀವು 2004ರ ಸಾಲಿನಲ್ಲಿ ಇಟ್ಟಿದ್ದೀರಲ್ಲ?

ಪ್ಲೇಸ್ಟೇಷನ್ 2ಗೆ 2004, ಕಂಪ್ಯೂಟರಿಗೆ 2005ರ ಜೂನ್. ನಿಮ್ಮ ನೆನಪು ಸರಿಯಾಗಿಯೇ ಇದೆ. ಅದು ಡಿವಿಡಿಯಲ್ಲಿ ಬರುವ ಗೇಮ್. ಡಿವಿಡಿ ಡ್ರೈವ್ ಇಲ್ಲದ ಕಂಪ್ಯೂಟರುಗಳಿಗೆಂದು ರೇಡಿಯೋ ಹಾಡುಗಳನ್ನೆಲ್ಲ ಕಿತ್ತು ಚಿಕ್ಕದು ಮಾಡಿದ ಪ್ರತಿಗಳು ಓಡಾಡಿದವು. ಹಾಗಾಗಿ ಇಲ್ಲಿನ ಎಷ್ಟೋ ಮಂದಿ ಆ ಗೇಮನ್ನು ಮೌನವಾಗಿ ಆಡಿದ್ದಾರೆ. ಕೋಣೆಗೆ ಬಂದು ಮೊದಲ ಬಾರಿ ಕಾರಿನ ರೇಡಿಯೋ ಕೇಳಿದವರ ಮುಖ ನೋಡಬೇಕು. 'ಹೆಸೋಯಾಮ್' ಅಂತೂ ಎಲ್ಲರಿಗೂ ಬಾಯಿಪಾಠ: ಕೀಬೋರ್ಡಿನಲ್ಲಿ ಆ ಅಕ್ಷರ ಒತ್ತಿದರೆ ಆರೋಗ್ಯ, ರಕ್ಷಾಕವಚ, ಎರಡೂವರೆ ಲಕ್ಷ ಡಾಲರ್. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳದ ಹುಡುಗ ಇರಲಿಲ್ಲ.

ಅದನ್ನು ನನ್ನ ಮಗನಿಗೆ ಕೊಡುತ್ತೀರಾ? ಹತ್ತು ವರ್ಷ ಅವನಿಗೆ.

ಇಲ್ಲ. ಅದು ದೊಡ್ಡವರಿಗಾಗಿಯೇ ಮಾಡಿದ ಗೇಮ್. ಮಕ್ಕಳಿಗೆ ನಾನು ಹಾಕಿಕೊಡುವುದು ಅದೇ ವರ್ಷದ 'ಕಟಮಾರಿ ದಾಮಸಿ'. ಅಂಟುವ ಚೆಂಡೊಂದನ್ನು ಉರುಳಿಸುತ್ತಾ ಹೋಗುವುದು. ಮೊದಲು ಗುಂಡುಪಿನ್ನು, ರಬ್ಬರು ಅಂಟುತ್ತವೆ. ಚೆಂಡು ಬೆಳೆದ ಹಾಗೆ ಬೆಕ್ಕು, ಸೈಕಲ್ಲು, ಆಮೇಲೆ ಮನೆ, ಗುಡ್ಡ. ಕೇಯ್ತಾ ತಕಹಾಶಿ ಎಂಬ ಜಪಾನಿ ಕಲಾವಿದರ ಕಲ್ಪನೆ, ಅಮೆರಿಕದಲ್ಲಿ 20 ಡಾಲರಿಗೆ ಮಾರಿದರು. 2012ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಮೊದಲ ಬಾರಿಗೆ ಗೇಮುಗಳನ್ನು ಸಂಗ್ರಹಕ್ಕೆ ಸೇರಿಸಿಕೊಂಡಾಗ ಆಯ್ದ 14ರಲ್ಲಿ ಇದೂ ಒಂದು. ದೊಡ್ಡ ಹೆಸರುಗಳ ಗದ್ದಲದಲ್ಲಿ ಇಂಥದ್ದೂ ಹುಟ್ಟಿತ್ತು ಎಂಬುದಕ್ಕೇ ಆ ವರ್ಷದ ಮೇಲೆ ನನಗೆ ಇನ್ನಷ್ಟು ಪ್ರೀತಿ.

'ಹೇಲೋ 2' ಆನ್‌ಲೈನ್ ಈಗಲೂ ಆಡಬಹುದೇ?

ಹಳೆಯ ಎಕ್ಸ್‌ಬಾಕ್ಸ್‌ನ ಅಧಿಕೃತ ಸೇವೆಯಲ್ಲಿ ಇಲ್ಲ. ಸಮಬಲದ ಅಪರಿಚಿತರನ್ನು ತಾನೇ ಹುಡುಕಿ ಜೋಡಿಸಿಕೊಡುವ, ಗೆಳೆಯರ ಗುಂಪನ್ನು ಒಂದು ಪಂದ್ಯದಿಂದ ಇನ್ನೊಂದಕ್ಕೆ ಒಟ್ಟಿಗೇ ಒಯ್ಯುವ ವ್ಯವಸ್ಥೆಯನ್ನು ಅದು ಮನೆಮಾತಾಗಿಸಿತು. 2010ರ ಏಪ್ರಿಲ್ 15ಕ್ಕೆ ಸೇವೆ ನಿಲ್ಲಿಸಿದರು. ಯಂತ್ರವನ್ನು ಆಫ್ ಮಾಡದೆ ಸಂಪರ್ಕದಲ್ಲೇ ಉಳಿದ ಕೆಲವರು ಮೇ ತಿಂಗಳವರೆಗೂ ಆಡಿದರು, ಒಬ್ಬೊಬ್ಬರಾಗಿ ಕಡಿಮೆಯಾದರು.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ನಮ್ಮಲ್ಲಿ ಯಾಕೆ ಹರಡಲಿಲ್ಲ?

ತಿಂಗಳಿಗೆ 14.99 ಡಾಲರ್ ಚಂದಾ, ಅಂದಿನ ಲೆಕ್ಕದಲ್ಲಿ 600 ರೂಪಾಯಿಗೂ ಮೇಲೆ, ಅದೂ ಅಂತಾರಾಷ್ಟ್ರೀಯ ಕ್ರೆಡಿಟ್ ಕಾರ್ಡಿನಲ್ಲಿ. ಹೇಗೆ ಹರಡೀತು?

ಕ್ರಿಕೆಟ್ ಗೇಮ್?

ಎಲ್ಲರೂ ನೆನೆಯುವ, ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಕಂಪನಿಯ 'ಕ್ರಿಕೆಟ್ 2005' ಮರುವರ್ಷದ್ದು. ಬೇರೆ ಸಾಲಿನಲ್ಲಿದೆ, ಕೇಳಿ ಪಡೆಯಿರಿ.

ಡಿಎಸ್ ಮತ್ತು ಪಿಎಸ್‌ಪಿ, ಎರಡರಲ್ಲಿ ಗೆದ್ದದ್ದು ಯಾವುದು?

ಪಿಎಸ್‌ಪಿ ಎಂಬುದು ಸೋನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ, ಜಪಾನಿನಲ್ಲಿ ಡಿಸೆಂಬರ್ 12ಕ್ಕೆ ಬಂತು, ಡಿಎಸ್ ಅಲ್ಲಿಗೆ ಡಿಸೆಂಬರ್ 2ಕ್ಕೆ. ಪಿಎಸ್‌ಪಿ ಅಗಲ ಪರದೆ, ಸಿನಿಮಾ, ಹಾಡು ಎಲ್ಲ ಇದ್ದ ಹೊಳೆಯುವ ಯಂತ್ರ. ಡಿಎಸ್ ನೋಡಲು ಸಾದಾ. ತಜ್ಞರಲ್ಲಿ ಅನೇಕರು ಪಿಎಸ್‌ಪಿ ಮೇಲೆಯೇ ಭರವಸೆ ಇಟ್ಟಿದ್ದರು. ಕೊನೆಗೆ ಡಿಎಸ್ ಕುಟುಂಬ 15 ಕೋಟಿ 40 ಲಕ್ಷ ಮಾರಾಟವಾಯಿತು, ಪಿಎಸ್‌ಪಿ ಸುಮಾರು 8 ಕೋಟಿ. ಕೆಳಗಿನ ಪರದೆಯನ್ನು ಕಡ್ಡಿಯಿಂದ ಮುಟ್ಟಿ ಆಡುವುದು ಅಜ್ಜಿಯಂದಿರಿಗೂ ಬರುತ್ತಿತ್ತು, ಗೆಲುವಿನ ಗುಟ್ಟು ಅಲ್ಲಿದೆ. ಬಟನ್ ಫೋನಿನಲ್ಲಿ ಹಾವಿನ ಗೇಮ್ ಆಡುತ್ತಿದ್ದ ನಮ್ಮೂರಿಗೆ ಇವೆರಡೂ ಬಂದದ್ದು ಗಲ್ಫಿನ ಪೆಟ್ಟಿಗೆಯಲ್ಲೇ.

ಮಗಳಿಗೆ ಗೇಮ್ ಮಾಡುವ ಕೆಲಸಕ್ಕೇ ಸೇರಬೇಕಂತೆ. ಏನಂತೀರಿ?

ಸೇರಲಿ. ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಲ್ಲೇ ಶುರುವಾಗಿ, 2019ರಲ್ಲಿ 'ಸ್ಯಾನ್ ಆಂಡ್ರಿಯಾಸ್' ಮಾಡಿದ ರಾಕ್‌ಸ್ಟಾರ್‌ನ ಪಾಲಾಯಿತು. ಆದರೆ 2004ರ ನವೆಂಬರಿನ ಇನ್ನೊಂದು ಘಟನೆಯನ್ನೂ ಅವಳು ತಿಳಿದಿರಲಿ. ಎಲೆಕ್ಟ್ರಾನಿಕ್ ಆರ್ಟ್ಸ್ ಉದ್ಯೋಗಿಯೊಬ್ಬರ ಸಂಗಾತಿ 'ಇಎ ಸ್ಪೌಸ್' ಎಂಬ ಹೆಸರಿನಲ್ಲಿ ಬಹಿರಂಗ ಪತ್ರ ಬರೆದರು: ವಾರಕ್ಕೆ 85 ಗಂಟೆಯವರೆಗೆ ದುಡಿತ, ಓವರ್‌ಟೈಮಿಗೆ ಸಂಬಳವಿಲ್ಲ. ಆ ವಿಷಯದ ಮೊಕದ್ದಮೆಗಳಲ್ಲಿ ಕಂಪನಿ ಕಲಾವಿದರಿಗೆ 1.56 ಕೋಟಿ, ಪ್ರೋಗ್ರಾಮರುಗಳಿಗೆ 1.49 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸಂದರ್ಶನಕ್ಕೆ ಹೋದಾಗ ಕೆಲಸದ ಗಂಟೆ ಎಷ್ಟು, ಗೇಮ್ ಬಿಡುಗಡೆ ಹತ್ತಿರವಾದಾಗ ಎಷ್ಟಾಗುತ್ತದೆ ಎಂದು ಅಂಜದೆ ಕೇಳಲು ಹೇಳಿ.

ಆ ಗೇಮುಗಳನ್ನು ಮನೆಯಲ್ಲಿ ಈಗ ಆಡುವುದು ಹೇಗೆ?

'ಹಾಫ್-ಲೈಫ್ 2' ಸ್ಟೀಮ್‌ನಲ್ಲೇ ಇದೆ. 2024ರ ನವೆಂಬರಿನಲ್ಲಿ ಇಪ್ಪತ್ತು ತುಂಬಿದಾಗ ಮಾಡಿದವರ ಮಾತುಗಳನ್ನೂ ಸೇರಿಸಿದ್ದಾರೆ, ಕೇಳಲೇಬೇಕಾದ್ದು. 'ಹೇಲೋ 2' ಸಂಗ್ರಹ ಆವೃತ್ತಿಯಲ್ಲಿ ಕಂಪ್ಯೂಟರಿಗೂ ಸಿಗುತ್ತದೆ. 'ದಿ ಸಿಮ್ಸ್ 2' 2025ರ ಜನವರಿಯಲ್ಲಿ ಮತ್ತೆ ಮಾರಾಟಕ್ಕೆ ಬಂತು. 'ಮೆಟಲ್ ಗೇರ್ ಸಾಲಿಡ್ 3' ಅದೇ ವರ್ಷದ ಆಗಸ್ಟಿನಲ್ಲಿ ಹೊಸ ರೂಪ ಪಡೆಯಿತು. ಸಾಧಾರಣ ಲ್ಯಾಪ್‌ಟಾಪ್ ಇದ್ದವರು 'ಹಾಫ್-ಲೈಫ್ 2'ರಿಂದಲೇ ಶುರು ಮಾಡಿ, ಇಂದಿನ ಸಾಧಾರಣ ಯಂತ್ರಕ್ಕೂ ಅದು ಭಾರವಲ್ಲ.

ಅಟ್ಟದಲ್ಲಿ ಅಣ್ಣನ ಹಳೆಯ ಪ್ಲೇಸ್ಟೇಷನ್ 2 ಸಿಕ್ಕಿದೆ. ಹಾಗೇ ಪ್ಲಗ್ ಹಾಕಬಹುದೇ?

ಹಾಕಬೇಡಿ. ಮೊದಲು ಹಿಂಬದಿಯ ಅಥವಾ ಅಡಾಪ್ಟರಿನ ಚೀಟಿ ಓದಿ. 220-240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ, ಗಲ್ಫಿನಿಂದ ಬಂದವು ಸಾಮಾನ್ಯವಾಗಿ ಹಾಗಿರುತ್ತವೆ. 120 ವೋಲ್ಟ್ ಎಂದಷ್ಟೇ ಇದ್ದರೆ ಅದು ಅಮೆರಿಕದ ಯಂತ್ರ, ನಮ್ಮ ಕರೆಂಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅಮೆರಿಕದ್ದಾದರೆ ಹಳೆಯ ಟಿವಿಯಲ್ಲಿ ಚಿತ್ರ ಕಪ್ಪು-ಬಿಳುಪಾಗಿ ಬರಬಹುದು. ಅದು ಯಂತ್ರ ಕೆಟ್ಟದ್ದಲ್ಲ, ಎನ್‌ಟಿಎಸ್‌ಸಿ (ಅಮೆರಿಕದ್ದು) ಮತ್ತು ಪ್ಯಾಲ್ (ನಮ್ಮದು) ಎಂಬ ಟಿವಿ ಪದ್ಧತಿಗಳ ವ್ಯತ್ಯಾಸ.

ನಮ್ಮ ಮಳೆಗಾಲದ ತಂಡಿಗೆ ಡಿಸ್ಕಿನ ಮೇಲೆ ಬೂಸ್ಟು ಹಿಡಿಯುತ್ತದೆ. ಮೆದು ಹತ್ತಿಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಮೆಮೊರಿ ಕಾರ್ಡನ್ನು ಬಿಸಾಡಬೇಡಿ. ಆ 8 ಎಂಬಿಯೊಳಗೆ ಅಣ್ಣ ಎಲ್ಲಿಯವರೆಗೆ ಆಡಿದ್ದರು ಎಂಬುದು ಇನ್ನೂ ಇರಬಹುದು. ಧೈರ್ಯ ಸಾಲದಿದ್ದರೆ ಭಾನುವಾರ ಇಲ್ಲಿಗೇ ತನ್ನಿ, ಬಿಚ್ಚಿ ಧೂಳು ತೆಗೆದು ಒಟ್ಟಿಗೇ ಹಾಕಿ ನೋಡೋಣ.